ಅಂಬಾಸಿಡರ್ ಬಾಗಿಲಲ್ಲಿ ಇನ್ನೊಂದು ಟಗರು

ಗೆಳೆಯರೇ, ಕೊಬ್ಬರಿ ವ್ಯಾಪಾರಿ ಶಿವಣ್ಣನವರ ಕರಿ ಅಂಬಾಸಿಡರ್ ಕಾರನ್ನು ಎರಡು ದಿನ ಉಜ್ಜಿ, ಪಾಲಿಶ್ ಹಾಕಿ, ಮುಖ ಕಾಣುವ ಹಾಗೆ ಮಾಡಿದ್ದೆ. ನಾಳೆ ಅವರ ಮಗಳ ಮದುವೆ. ಇವತ್ತು ಹೊಸದುರ್ಗದ ನನ್ನ ಶೆಡ್ಡಿಗೆ ಅವರು ಬಂದ ಹೊತ್ತಿಗೇ ಮತ್ತೋಡಿನ ಕುರಿಮಂದೆಯೂ ಬಂತು. ಮುಂದಿದ್ದ ಟಗರು ಕಾರಿನ ಬಾಗಿಲಲ್ಲಿ ತನ್ನನ್ನೇ ಕಂಡು, ನಾಲ್ಕು ಹೆಜ್ಜೆ ಹಿಂದೆ ಸರಿದು ಗುದ್ದಿತು. ಬಾಗಿಲು ನೆಗ್ಗಿತು.

ಶಿವಣ್ಣ ಕುರಿಗಾರನ ಮೇಲೆ ಕೂಗಾಡಿದರು.

“ನಮ್ ಟಗರಿಂದೇನ್ ತಪ್ಪೈತ್ರಿ? ನಿಮ್ ಬಾಗಿಲಾಗೂ ಒಂದು ನಿಂತಿತ್ತಲ್ರಿ,” ಅಂದ ಅವನು.

ಟಗರು ಮತ್ತೆ ಹಿಂದೆ ಸರಿಯಿತು. ಶಿವಣ್ಣ ನನ್ನ ಕಡೆ ತಿರುಗಿದರು.

“ಏನಪ್ಪ, ಇಷ್ಟು ಹೊಳಿಯಂಗೆ ಉಜ್ಜು ಅಂತ ಯಾರ್ ಹೇಳಿದ್ರು? ಮೊದ್ಲು ಕೆಸರು ಬಳಿ!”

ಬಳಿದೆ. ಟಗರು ಸುಮ್ಮನೆ ಹೋಯಿತು.

“ಈಗ ಸರಿಯಾತು ನೋಡು,” ಅಂದರು ಶಿವಣ್ಣ.

ಎರಡು ದಿನದ ಕೆಲಸಕ್ಕೆ ಅವರ ಬಾಯಿಂದ ಬಂದ ಮೆಚ್ಚುಗೆ ಅದೊಂದೇ.