ಗುಲ್ಶನ್ ಮನೆ ಯಾವ ಓಣಿಗೆ

ರಾಯಚೂರಿನ ಆ ಕಾಲೋನಿಯಲ್ಲಿ ಬೋರಿನ ಮೋಟಾರು ಸುಟ್ಟರೂ, ಚರಂಡಿ ಕಟ್ಟಿಕೊಂಡರೂ ಮನೆಮನೆಗೆ ಪಟ್ಟಿ ಹಾಕಿ ದುಡ್ಡು ಎತ್ತುವವಳು ಗೋಪಮ್ಮ. ಹತ್ತಿ ಮಿಲ್ಲಿನಲ್ಲಿ ದುಡಿದು ಸವೆದ ಹೆಂಗಸು, ಆದರೆ ಅವಳು ಅಂಗಳಕ್ಕೆ ಬಂದು ನಿಂತರೆ ಎಂಥ ಜಿಪುಣನೂ ಜೇಬಿಗೆ ಕೈಹಾಕಬೇಕು. ಅದೇ ಮಿಲ್ಲಿನಲ್ಲಿ ಅವಳ ಜೊತೆ ಕೂತು ಹತ್ತಿ ಹಸನು ಮಾಡುತ್ತಿದ್ದ ಗುಲ್ಶನ್ ಬೇಗಂ ಪಕ್ಕದ ಮನೆಯವಳು. ಆ ಓಣಿಯಲ್ಲಿ ಅದೊಂದೇ ಮುಸಲ್ಮಾನರ ಮನೆ. ಗಂಡ ಸತ್ತಮೇಲೆ ಅವಳ ಪಾಲನ್ನೂ ಗೋಪಮ್ಮನೇ ಕಟ್ಟುತ್ತಿದ್ದಳು. ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ.

ಈ ಸಲದ ಪಟ್ಟಿಯೇ ಬೇರೆ. ಹಬ್ಬದ ಮೆರವಣಿಗೆಯ ದಿನ ಈ ಓಣಿಯ ಹುಡುಗರೂ ಆಚೆಯ ಮುಸಲ್ಮಾನರ ಓಣಿಯ ಹುಡುಗರೂ ಕಲ್ಲು ತೂರಾಡಿದ್ದರು. ಎರಡೂ ಓಣಿಯ ಹಿರಿಯರೇ ಠಾಣೆಗೆ ಹೋಗಿ ಕೈಮುಗಿದು, ಸಮುದಾಯ ಭವನದಲ್ಲಿ ಸಶಸ್ತ್ರ ಪೊಲೀಸರ ತುಕಡಿಯೊಂದನ್ನು ಇರಿಸಿಕೊಂಡರು. ಊಟ, ನೀರು, ಲೈಟಿನ ಖರ್ಚು ನಮ್ಮದೇ ಎಂದು ಒಪ್ಪಿಬಂದರು. ಒಪ್ಪುವಾಗ ಎಲ್ಲರೂ ಒಂದೇ, ಕೊಡುವ ಮಾತು ಬಂದಾಗ ಸಭೆ ಎರಡಾಯಿತು.

"ಕಲ್ಲು ಒಗದವರು ಕೊಡ್ಲಿ, ನಾವ್ಯಾಕ ಕೊಡಬೇಕು?" ಎಂದ ಗೋಪಮ್ಮನ ಓಣಿಯ ಕೃಷ್ಣ.

"ಮೊದಲ ಒಗದವರು ಯಾರು ಅಂತ ಹೇಳೇ ಬಿಡು," ಎಂದು ಆಚೆ ಮುಸಲ್ಮಾನರ ಓಣಿಯ ಹಿರಿಯ ಅಮೀರ್ ಸಾಬ್ ಎದ್ದು ನಿಂತರು.

ಮಾತಿಗೆ ಮಾತು ಬೆಳೆದು ಕೈ ಕೈ ಮಿಲಾಯಿಸುವ ಹಂತಕ್ಕೆ ಬಂತು. ಗೋಪಮ್ಮ ನಡುವೆ ನುಗ್ಗಿದಳು. "ಕುಂಡ್ರಿ ಎಲ್ಲಾರು. ಆ ಓಣಿ ಅರ್ಧ, ಈ ಓಣಿ ಅರ್ಧ. ಮುಗೀತು."

"ನಮ್ಮ ಕಡಿ ಮನಿ ಕಡಿಮಿ ಅದಾವ್ರಿ ಗೋಪಮ್ಮಾರ, ಅರ್ಧ ಭಾರ ಆಗ್ತದ," ಎಂದರು ಅಮೀರ್ ಸಾಬ್.

"ಹಂಗಾದ್ರ ಗುಲ್ಶನ್ ಮನಿ ನಿಮ್ಮ ಕಡಿ ಹಿಡಕೋರ್ರಿ," ಎಂದ ಕೃಷ್ಣ. "ಅಕಿ ನಿಮ್ಮಾಕಿನ ಅಲ್ಲೇನು?"

ಅಮೀರ್ ಸಾಬ್ ಹೂಂ ಎಂದು ತಲೆಯಾಡಿಸಿದರು. ಎಲ್ಲರೂ ಗೋಪಮ್ಮನ ಮುಖ ನೋಡಿದರು. ಇಲ್ಲ ಎಂದರೆ ಮತ್ತೆ ಮೊದಲಿನಿಂದ ಜಗಳ. ಬರೀ ಲೆಕ್ಕಕ್ಕೆ ತಾನೇ, ದುಡ್ಡು ಹೇಗೂ ನಾನೇ ಕೊಡುತ್ತೇನೆ ಎಂದುಕೊಂಡು, "ಆಗ್ಲಿ" ಎಂದುಬಿಟ್ಟಳು. ಹಿಂದೆ ಹೆಂಗಸರ ನಡುವೆ ಗುಲ್ಶನ್ ಕೂತಿದ್ದಳು. ಕೇಳಬೇಕಾಗಿದ್ದದ್ದು ಅವಳೊಬ್ಬಳನ್ನೇ, ಅವಳನ್ನೇ ಯಾರೂ ಕೇಳಲಿಲ್ಲ. ತಿರುಗಿ ನೋಡಲು ಗೋಪಮ್ಮನಿಗೆ ಧೈರ್ಯ ಬರಲಿಲ್ಲ.

ಕರಾರು ಮುರಿಯಲಿಲ್ಲ. ಮತ್ತೆ ಕಲ್ಲು ಬೀಳಲಿಲ್ಲ, ಪೊಲೀಸರಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಹೋಗುತ್ತಿತ್ತು. ಆ ವಾರ ಕಳೆಯುವಷ್ಟರಲ್ಲಿ ಗುಲ್ಶನ್ ಮನೆಯ ಮುಂದೆ ತಳ್ಳುಗಾಡಿ ಬಂದು ನಿಂತಿತು. ಟ್ರಂಕು, ಹಾಸಿಗೆ ಸುರುಳಿ, ಹೊಲಿಗೆ ಮಷಿನ್ನು. ಕಾವಲಿನ ಪೊಲೀಸನೇ ಪಾಪ, ಟ್ರಂಕಿಗೆ ಕೈಕೊಟ್ಟ. ಗೋಪಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಎಲ್ಲಿಗೆ ಹೊಂಟೀಬೇ?"

"ಅಮೀರ್ ಸಾಬರ ಓಣ್ಯಾಗ ಒಂದು ಖೋಲಿ ಸಿಕ್ಕದ."

"ಯಾರರ ಏನರ ಅಂದ್ರೇನು? ಹೆಸರು ಹೇಳು, ನಾ ನೋಡ್ಕೋತೀನಿ."

"ಯಾರೂ ಏನೂ ಅಂದಿಲ್ಲಕ್ಕಾ." ಗುಲ್ಶನ್ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಗೋಪಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳು. "ನಾಳೆ ಗದ್ದಲ ಆದ್ರ ಈ ಓಣ್ಯಾಗ ನನ್ನ ಕಡಿ ನೀ ಒಬ್ಬಾಕಿ ಇದ್ದಿ ಅಂತ ಇಷ್ಟು ದಿನ ನಿದ್ದಿ ಮಾಡ್ತಿದ್ದೆ."

ಗೋಪಮ್ಮ ಗಾಡಿಯ ಅಂಚು ಹಿಡಿದು ನಿಂತುಬಿಟ್ಟಳು. ಗುಲ್ಶನ್ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.