ಬೀಗರ ಮುಂದೆ ಏದುಸಿರು ಬಿಡಬಾರದು

ನನ್ನ ಎದೆಯಲ್ಲಿ ಎರಡು ಸ್ಟೆಂಟ್ ಇವೆ. ಇದು ಗೊತ್ತಿದ್ದವರು ನಾನು, ನನ್ನ ಹೆಂಡತಿ, ಮಗಳು, ಮತ್ತೆ ಅವನ್ನು ಹಾಕಿದ ಡಾಕ್ಟರು. ದೊಡ್ಡಬಳ್ಳಾಪುರದ ನಮ್ಮ ಬೀದಿಯವರ ಪಾಲಿಗೆ ಆಸ್ಪತ್ರೆಯಲ್ಲಿದ್ದ ಆ ನಾಲ್ಕು ದಿನ ನಾವು ತಿರುಪತಿಗೆ ಹೋಗಿದ್ದೆವು. ಯಾರಿಗೂ ಅನುಮಾನ ಬರಬಾರದೆಂದು ನನ್ನ ಹೆಂಡತಿ ಬೇಕರಿಯಿಂದ ಲಾಡು ತಂದು, ಪ್ರಸಾದವೆಂದು ಮನೆಮನೆಗೆ ಹಂಚಿಬಂದಳು. ಎದುರುಮನೆಯ ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು ತಿಂದರು.

ಇಷ್ಟೆಲ್ಲ ನಾಟಕ ಮಗಳ ಮದುವೆಗೋಸ್ಕರ. ಆ ಮನೆಯಲ್ಲಿ ಹಾರ್ಟ್ ಕಾಯಿಲೆಯಂತೆ ಎಂದು ಯಾರಾದರೂ ಒಂದು ಮಾತು ಅಂದರೆ ಸಾಕು, ಬಂದ ಸಂಬಂಧ ಬಾಗಿಲಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತದೆ. ಕೊನೆಗೆ ತೂಬಗೆರೆಯ ಒಂದು ಸಂಬಂಧ ಕೂಡಿಬಂತು. ಹುಡುಗನಿಗೆ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ, ಮನೆಯಲ್ಲಿ ದ್ರಾಕ್ಷಿ ತೋಟ. ಐದು ಜನ ಹುಡುಗರನ್ನು ಬೇಡವೆಂದಿದ್ದ ನಮ್ಮ ಹುಡುಗಿ ಇವನನ್ನು ನೋಡಿ ತಲೆ ತಗ್ಗಿಸಿ ನಕ್ಕಳು. ಆ ನಗು ಕೆಡಬಾರದು, ನನಗೆ ಬೇಕಾಗಿದ್ದು ಅಷ್ಟೇ.

ನಿಶ್ಚಿತಾರ್ಥಕ್ಕೆ ಮೂರು ವಾರವಿದ್ದಾಗ ಹುಡುಗನ ತಂದೆ ಫೋನ್ ಮಾಡಿದರು. ಗೋಕರ್ಣದ ಹರಕೆಯೊಂದು ಬಾಕಿ ಇದೆ, ಎರಡು ಮನೆಯವರೂ ಒಂದೇ ಗಾಡಿಯಲ್ಲಿ ಹೋಗಿಬರೋಣ ಎಂದರು. ಬೀಗರು ಕರೆದಾಗ ಆಗುವುದಿಲ್ಲ ಎನ್ನುವುದುಂಟೇ? ಹೋದೆವು. ದೇವರ ದರ್ಶನವಾಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಮಾರನೆಯ ಬೆಳಗ್ಗೆ ತಿಂಡಿ ತಿನ್ನುವಾಗ ಹುಡುಗ, "ಅಂಕಲ್, ಓಂ ಬೀಚಿಂದ ಪ್ಯಾರಡೈಸ್ ಬೀಚ್‌ಗಂಟ ಕಾಡೊಳಗೇ ದಾರಿ ಇದೆ. ಪಕ್ಕದಲ್ಲೇ ಸಮುದ್ರ. ನಡ್ಕೊಂಡು ಹೋಗೋಣ್ವಾ?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಬೀಗರು ತೊಡೆ ತಟ್ಟಿದರು. "ಅದೇನ್ ಮಹಾ! ಮಾಕಳಿದುರ್ಗಾನ ಒಂದೇ ಉಸ್ರಿಗೆ ಹತ್ತಿ ಇಳ್ದೋರು ನಾವು. ಏನಂತೀರಾ ಬೀಗರೇ?"

"ನಾನಂತೂ ಈಗ್ಲೂ ವರ್ಷಕ್ಕೊಂದ್ಸಲ ಹತ್ತುತೀನಿ," ಎಂದೆ. ಮಾಕಳಿದುರ್ಗವನ್ನು ನಾನು ನೋಡಿರುವುದು ರೈಲಿನ ಕಿಟಕಿಯಿಂದ. ಮೂವತ್ತು ವರ್ಷ ಹಾರ್ಡ್‌ವೇರ್ ಅಂಗಡಿಯ ಕುರ್ಚಿಯಲ್ಲಿ ಕೂತವನು ನಾನು, ಮೊಳೆ ತೂಕ ಮಾಡಲು ಕೂಡ ಏಳುತ್ತಿರಲಿಲ್ಲ.

ಹೆಂಡತಿ ನನ್ನ ಜೇಬಿಗೆ ಮಾತ್ರೆ ತುರುಕಿ, "ಎದೆ ಹಿಡ್ಕೊಂಡ್ರೆ ನಾಲಿಗೆ ಕೆಳಗೆ ಇಟ್ಕೊಳಿ. ಅವರ ಮುಂದೆ ಮಾತ್ರ ಬೇಡ ರೀ," ಎಂದು ಪಿಸುಗುಟ್ಟಿದಳು. ಗಂಡನ ಪ್ರಾಣ, ಮನೆಯ ಮಾನ, ಎರಡರ ಮೇಲೂ ಅವಳಿಗೆ ಒಂದೇ ಸಮ ಪ್ರೀತಿ.

ದಾರಿಯೋ, ಅಯ್ಯಯ್ಯೋ! ಕೆಂಪು ಮುರಕಲ್ಲು, ಬೇರು, ಜಾರುವ ಒಣ ಎಲೆ. ಬಲಗಡೆ ಗಿಡಗಳ ಸಂದಿಯಲ್ಲಿ ಇಣುಕಿದರೆ ಕೆಳಗೆ ಸಮುದ್ರ ಬಂಡೆಗೆ ಬಡಿಯುತ್ತಿತ್ತು. ಹುಡುಗ ಹುಡುಗಿ ಮುಂದೆ ಹೋದರು. ಹೆಂಗಸರಿಬ್ಬರು ಸೀರೆ ಎತ್ತಿ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಸೊಸೆಯಂದಿರ ಕಥೆ ಮಾತಾಡುತ್ತಲೇ ದಿಬ್ಬ ಹತ್ತಿಬಿಟ್ಟರು. ಹಿಂದೆ ಉಳಿದವರು ಮಾಕಳಿದುರ್ಗದ ವೀರರು ಇಬ್ಬರೇ.

ಏದುಸಿರು ಕೇಳಿಸಬಾರದಲ್ಲ, ಅದಕ್ಕೆ ನಾನು ಹತ್ತು ಹೆಜ್ಜೆಗೊಮ್ಮೆ ನಿಂತು, "ಆಹಾ, ಏನ್ ನೋಟ ಬೀಗರೇ!" ಎನ್ನುತ್ತಿದ್ದೆ. ಅವರೂ ತಕ್ಷಣ ನಿಂತು, "ಹೌದ್ರೀ, ಸ್ವಲ್ಪ ನೋಡೋಣ," ಎನ್ನುತ್ತಿದ್ದರು. ಸಮುದ್ರವನ್ನು ಅಷ್ಟು ಭಕ್ತಿಯಿಂದ ನೋಡಿದವರು ಅವತ್ತು ಗೋಕರ್ಣದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಹಾಫ್ ಮೂನ್ ಬೀಚು ದಾಟಿ ಮೇಲೆ ಹತ್ತುವಾಗ ನನ್ನ ಎದೆಯನ್ನು ಯಾರೋ ಹಿಂಡಿದ ಹಾಗಾಯಿತು. "ಒಂದಕ್ಕೆ ಹೋಗ್ಬರ್ತೀನಿ," ಎಂದು ದಾರಿ ಬಿಟ್ಟು ಒಳಗೆ ಹೋಗಿ, ಗೇರು ಮರಕ್ಕೆ ಒರಗಿ ಮಾತ್ರೆ ನಾಲಿಗೆಯಡಿ ಇಟ್ಟೆ. ಕಣ್ಣು ಬಿಟ್ಟರೆ ಪಕ್ಕದ ಮರದ ಹಿಂದೆ ಬೀಗರು! ಅಂಗಿ ಎತ್ತಿ ಹಲ್ಲಲ್ಲಿ ಕಚ್ಚಿಕೊಂಡು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು.

ಇಬ್ಬರೂ ಕಲ್ಲಾದೆವು. ಅವರು ನನ್ನ ಕೈಯಲ್ಲಿದ್ದ ಮಾತ್ರೆ ಪಟ್ಟಿ ನೋಡಿದರು. ಆಮೇಲೆ ನಿಧಾನವಾಗಿ ಅಂಗಿ ಇಳಿಸಿ, "ನಾನೇನೂ ನೋಡ್ಲಿಲ್ಲ. ನೀವೂ ಏನೂ ನೋಡ್ಲಿಲ್ಲ. ಮಕ್ಕಳು ಖುಷಿಯಾಗವ್ರೆ," ಎಂದರು.

"ಸರಿ," ಎಂದೆ. ಆದರೆ ಎದೆನೋವು ಸ್ವಲ್ಪ ಇಳಿಯುತ್ತಲೇ ನನ್ನ ತಲೆಗೆ ಬಂದ ಯೋಚನೆ ಏನು ಗೊತ್ತೇ? 'ಅಪ್ಪನಿಗೆ ಇನ್ಸುಲಿನ್ ಅಂದರೆ ಮಗನಿಗೂ ಬರುತ್ತದೆ. ಇಂಥ ಮನೆಗೆ ಮಗಳನ್ನು ಕೊಡುವುದೇ?' ಎದೆಯಲ್ಲಿ ಎರಡು ಸ್ಟೆಂಟ್ ಬಚ್ಚಿಟ್ಟುಕೊಂಡವನು ಕೇಳಿಕೊಂಡ ಪ್ರಶ್ನೆ ಇದು. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಕಡೆಯ ಇಳಿಜಾರಿನಲ್ಲಿ ನೋವು ಮತ್ತೆ ಬಂತು. ಬೆವರಿನಿಂದ ಅಂಗಿ ತೊಪ್ಪೆಯಾಗಿತ್ತು. ಕೆಳಗಿನ ಮರಳಿನಲ್ಲಿ ಹುಡುಗ, "ಊಟ ಮಾಡಿ ಇದೇ ದಾರೀಲಿ ವಾಪಸ್ ಹೋಗೋಣ," ಎನ್ನುತ್ತಿದ್ದ. ಬೀಗರು ಒಮ್ಮೆ ತಿರುಗಿ ನನ್ನ ಮುಖ ನೋಡಿದರು. ನೋಡಿದವರೇ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು ಕೂಗಿದರು.

"ಲೋ, ನನ್ ಕೈಲಾಗಲ್ಲ ಕಣೋ! ನಂಗೆ ಸಕ್ಕರೆ ಕಾಯಿಲೆ ಐತೆ, ದಿನಾ ಇನ್ಸುಲಿನ್ ತಗೋತೀನಿ. ಎಲ್ಲಾರ್ಗೂ ಗೊತ್ತಾಗ್ಲಿ ಬಿಡು. ಈಗ್ಲೇ ದೋಣಿ ಕರ್ಸು, ವಾಪಸ್ ಹೋಗೋಣ. ಬೀಗರೇ, ನೀವು ಪಕ್ಕದಲ್ಲೇ ಕೂತ್ಕೊಳ್ಳಿ, ನಂಗೆ ಧೈರ್ಯ ಇರ್ತದೆ."

ಅವರ ಹೆಂಡತಿಯ ಮುಖ ಬಿಳಚಿಕೊಂಡಿತು. ಹುಡುಗ ತಲೆ ತಗ್ಗಿಸಿದ. ದೋಣಿ ಬಂತು. ಎಲ್ಲರೂ ಬೀಗರನ್ನು ಹಿಡಿದು ಹತ್ತಿಸಲು ಓಡಿದರೆ, ಅವರು ನನ್ನ ರಟ್ಟೆ ಹಿಡಿದು ಮೊದಲು ನನ್ನನ್ನೇ ಹತ್ತಿಸಿದರು.

ದೋಣಿಯಲ್ಲಿ ನನ್ನ ಹೆಂಡತಿ ಕಿವಿಯ ಬಳಿ ಬಂದಳು. "ನೋಡಿದ್ರಾ? ಇಷ್ಟು ದಿನ ಮುಚ್ಚಿಟ್ಟಿದ್ದಾರೆ! ಎಂಥಾ ಜನ ರೀ?"

ಎದುರಿಗೆ ಕೂತಿದ್ದ ಮಗಳು ನನ್ನನ್ನೇ ದಿಟ್ಟಿಸುತ್ತಿದ್ದಳು. ನಾನು ಹೇಳಬೇಕಾಗಿದ್ದ ಗಳಿಗೆ ಅದೇ. ನಾನು ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ, "ಕಾಯಿಲೆ ಯಾರ್ಗೆ ಬರಲ್ಲ? ನಾವೇನೂ ತಪ್ಪು ತಿಳ್ಕೊಳ್ಳಲ್ಲ," ಎಂದೆ. ಬೀಗಿತ್ತಿ ಕಣ್ಣೊರೆಸಿಕೊಂಡು ನನಗೆ ಕೈಮುಗಿದರು. ಮಗಳು ಮುಖ ತಿರುಗಿಸಿ ನೀರಿನ ಕಡೆ ನೋಡಿದಳು.

ಮದುವೆ ಚೆನ್ನಾಗಿಯೇ ಆಯಿತು. ಅದುವರೆಗೆ ಮನೆಯಲ್ಲಿ ಪಥ್ಯವಿದ್ದರೂ ನೆಂಟರ ಮನೆಗಳಲ್ಲಿ ಬೀಗರು ಸದ್ದಿಲ್ಲದೆ ಒಂದು ಹೋಳಿಗೆ ಹೊಡೆಯುತ್ತಿದ್ದರಂತೆ. ಈಗ ಊರಿಗೆಲ್ಲ ಗೊತ್ತು, ಎಲ್ಲಿ ಹೋದರೂ ಅವರ ಎಲೆಗೆ ಸಿಹಿ ಬೀಳುವುದಿಲ್ಲ. ನಮ್ಮ ಮನೆಯಲ್ಲಂತೂ ನನ್ನ ಹೆಂಡತಿಯೇ ಕಾವಲು.

ಈ ಯುಗಾದಿಗೆ ತೂಬಗೆರೆಗೆ ಹೋಗಿದ್ದೆವು. ನಮ್ಮಿಬ್ಬರಿಗೂ ಎದುರುಬದುರು ಎಲೆ ಹಾಕಿದ್ದರು. ಬೀಗಿತ್ತಿ ನನಗೆ ಎರಡು ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿಯತೊಡಗಿದರು. ಸಾಕು ಎನ್ನಲು ಕೈ ಅಡ್ಡ ಹಿಡಿದೆ.

ಅನ್ನ ಸಾರು ಕಲೆಸುತ್ತಿದ್ದ ಬೀಗರು ತಲೆ ಎತ್ತಿದರು. "ಹಾಕು, ಹಾಕು. ಅವ್ರಿಗೇನಾಗಿದೆ? ಗಟ್ಟಿ ಆಳು."

ನಾನು ಕೈ ತೆಗೆದೆ.