ಕಾಶಿಯಲ್ಲಿ ಬಿಟ್ಟ ಹಲಸು

ಸಾರಕ್ಕಿ ಮಾರ್ಕೆಟ್‌ನಲ್ಲಿ ಹಲಸಿನ ಗಾಡಿ ಹತ್ತಿರ ವಾಸನೆ ಕುಡೀತಾ ನಿಂತಿದ್ದೆ. ಪಕ್ಕದಲ್ಲಿ ತಿಂತಿದ್ದ ಗುರುತಿಲ್ಲದ ಹುಡುಗಿ ಒಂದು ತೊಳೆ ನನ್ನ ಕೈಗಿಟ್ಟಳು.

“ಬೇಡ ಕಣಮ್ಮ, ಕಾಶೀಲಿ ಬಿಟ್ಟು ಬಂದಿದೀನಿ. ಅಲ್ಲಿ ಇಷ್ಟದ್ದೊಂದು ಬಿಡಬೇಕು. ಜೊತೇಲಿದ್ದ ಜಾಣೆಯರೆಲ್ಲ ಹಾಗಲಕಾಯಿ ಬಿಟ್ಟರು. ನಾನು ಪೆದ್ದಿ, ಹಲಸು ಬಿಟ್ಟೆ. ಹನ್ನೆರಡು ವರ್ಷ ಆಯ್ತು.”

ಹುಡುಗಿ ನಕ್ಕಳು. “ಒಂದೇ ಒಂದು, ಅಜ್ಜಿ! ಇದಕ್ಕೆ ಇಂಡಲ್ಜೆನ್ಸ್ ಅಂತಾರೆ. ಬೇಡ ಅಂತ ಗೊತ್ತಿದ್ದೂ ಮನಸ್ಸಿಗೆ ಒಂದ್ಸಲ ಸಲಿಗೆ ಕೊಡೋದು.”

ನಾವು ಅದನ್ನ ಬಾಯಿಚಪಲ ಅಂತೀವಿ ಅಂದೆ. ಅನ್ನೋ ಹೊತ್ತಿಗೆ ತೊಳೆ ಬಾಯಲ್ಲಿತ್ತು. ಆಮೇಲೆ ಇನ್ನೂ ನಾಲ್ಕು ತಿಂದೆ.

ಮನೆಗೆ ಬಂದು ದೀಪ ಹಚ್ಚಿ, ವಿಶ್ವನಾಥನಿಗೆ ಇದ್ದದ್ದು ಇದ್ದಂಗೆ ಹೇಳಿಬಿಟ್ಟೆ. ಹಲಸು ಬಿಡು ಅಂತ ಅವನೇನು ಕೇಳಿದ್ದನಾ? ಹಠ ನನ್ನದೇ.